ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಒಬ್ಬರೇ ಇರುವಾಗ

ಎರಡು ವರ್ಷದ ಹಿಂದಿನ ಮಾತು. ನವೆಂಬರ್ ಕೊನೆಯ ವಾರ. ಬಹಳ ಕಾಲದಿಂದ ನನ್ನಲ್ಲಿಗೆ ಬರುವ ಗೃಹಿಣಿಯೊಬ್ಬರು ರಕ್ತದೊತ್ತಡ ನೋಡಿಸಿಕೊಂಡ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. "ಡಾಕ್ಟ್ರೇ, ನನ್ನ ಮಗಳಿಗೆ ಒಂದು ಒಳ್ಳೆ ಟಾನಿಕ್ ಬರೆದುಕೊಡಿ. ಅಲ್ಲಿಗೆ ಹೋಗೋರು ಒಬ್ಬರಿದ್ದಾರೆ, ಕಳಿಸ್ತೀನಿ" ಎಂದರು.

'ಅಲ್ಲಿ' ಎಂದರೆ ಉತ್ತರ ಜರ್ಮನಿಯ ಒಂದು ಸಣ್ಣ ಊರು. ಮಗಳಿಗೆ ಇಪ್ಪತ್ತೊಂದು ವರ್ಷ. ಪದವಿ ಮುಗಿಸಿ, ಜರ್ಮನ್ ಭಾಷೆ ಕಲಿತು, ಅಲ್ಲಿನ ವೃದ್ಧಾಶ್ರಮವೊಂದಕ್ಕೆ ಒಂದು ವರ್ಷದ ಸ್ವಯಂಸೇವೆಗೆಂದು ಸೆಪ್ಟೆಂಬರಿನಲ್ಲಿ ಹೋಗಿದ್ದಳು. ಮೊದಲೆರಡು ತಿಂಗಳು ಸೇಬಿನ ಮರ, ಸೈಕಲ್ಲು, ಅಜ್ಜಿಯರ ಜೊತೆ ಕೂತು ತೆಗೆಸಿಕೊಂಡ ಫೋಟೋ ದಿನವೂ ಬರುತ್ತಿದ್ದವು. ಈಗ ಫೋನ್ ಮಾಡಿದರೆ "ಸುಸ್ತು" ಎಂಬ ಒಂದೇ ಮಾತು. ಎಷ್ಟು ಮಲಗಿದರೂ ನಿದ್ರೆ ಸಾಲದು. ಬ್ರೆಡ್ಡು, ಚಾಕೊಲೇಟು ತಿಂದು ಮೈ ಬಂದಿದೆ. ರಜೆಯ ದಿನ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ.

"ಮನೆ ನೆನಪು ಅಷ್ಟೇ ಕಣಮ್ಮ, ಎರಡು ವಾರದಲ್ಲಿ ಸರಿಹೋಗ್ತಾಳೆ" ಎಂದು ಹೇಳಿ ಕಬ್ಬಿಣಾಂಶದ ಮಾತ್ರೆಯ ಹೆಸರು ಬರೆದುಕೊಟ್ಟೆ. ಆ ತಾಯಿ ಸಮಾಧಾನದಿಂದ ಹೋದರು. ಎರಡು ವಾರ ಕಳೆದ ಮೇಲೆ ಮತ್ತೆ ಬಂದಾಗ ಅವರ ಕೈ ನಡುಗುತ್ತಿತ್ತು. ಹಿಂದಿನ ರಾತ್ರಿ ಮಗಳು, "ಬೆಳಿಗ್ಗೆ ಎಚ್ಚರ ಆಗದೇ ಇದ್ರೂ ಪರವಾಗಿಲ್ಲ ಅನ್ಸುತ್ತೆ ಅಮ್ಮ" ಎಂದಿದ್ದಳಂತೆ. ಅಂದು ಚಿಕಿತ್ಸಾಲಯದಿಂದಲೇ ಆ ಹುಡುಗಿಗೆ ಫೋನ್ ಮಾಡಿಸಿ ಅರ್ಧ ಗಂಟೆ ಮಾತಾಡಿದೆ. ಮೊದಲ ಸಲ ನಾನು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಅಂದು ಕೇಳಿದೆ. ಈ ಲೇಖನಕ್ಕೆ ಕಾರಣ ಅದೇ. ನಿಮ್ಮ ಮನೆಯ ಮಕ್ಕಳೂ ಹೀಗೆ ಹೋಗಿರಬಹುದು, ಅಥವಾ ಹೋಗುವ ತಯಾರಿಯಲ್ಲಿರಬಹುದು.

ಹೀಗೆ ಹೋಗುವ ಮಕ್ಕಳ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಜರ್ಮನಿಯಲ್ಲಿ ತರುಣರು ಒಂದು ವರ್ಷ ವೃದ್ಧಾಶ್ರಮ, ಆಸ್ಪತ್ರೆ, ಶಿಶುವಿಹಾರ, ಅಂಗವಿಕಲರ ವಸತಿಗಳಲ್ಲಿ ಸೇವೆ ಮಾಡುವ ಪದ್ಧತಿಗೆ 1964ರಿಂದಲೂ ಕಾನೂನಿನ ಆಧಾರವಿದೆ. ಕಡ್ಡಾಯ ಸೈನಿಕ ಸೇವೆಯನ್ನು 2011ರಲ್ಲಿ ನಿಲ್ಲಿಸಿದಾಗ ಅದರ ಬದಲಿ ಸೇವೆಗೆ ಬರುತ್ತಿದ್ದ ಹುಡುಗರೂ ನಿಂತುಹೋದರು. ಆ ಜಾಗ ತುಂಬಲು ಅದೇ ವರ್ಷ ಕೇಂದ್ರ ಸರ್ಕಾರದ ಇನ್ನೊಂದು ಸ್ವಯಂಸೇವಾ ಯೋಜನೆ ಬಂತು. ಎರಡಕ್ಕೂ ಹೊರದೇಶದವರು ಸೇರಬಹುದು, ನಮ್ಮ ಕಡೆಯಿಂದಲೂ ಹೋಗುತ್ತಾರೆ. ಸಂಬಳವಿಲ್ಲ, ಕೈಖರ್ಚಿಗೆ ಒಂದಿಷ್ಟು ಹಣ, ಬಹುತೇಕ ಕಡೆ ಊಟ ವಸತಿ, ಜೊತೆಗೆ ಆರೋಗ್ಯ ವಿಮೆ ಇರುತ್ತದೆ. ಈ ವಿಮೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಓದಲು ಹೋದ ಹುಡುಗನಿಗೂ ಸೇವೆಗೆ ಹೋದ ಹುಡುಗನಿಗೂ ಒಂದು ವ್ಯತ್ಯಾಸವಿದೆ. ವಿದ್ಯಾರ್ಥಿಗೆ ಓರಗೆಯವರ ಗುಂಪು ಸಿಗುತ್ತದೆ, ಹಾಸ್ಟೆಲಿನ ಅಡುಗೆಮನೆಯಲ್ಲಿ ಯಾರಾದರೂ ಒಗ್ಗರಣೆ ಹಾಕುತ್ತಿರುತ್ತಾರೆ. ಸ್ವಯಂಸೇವಕನಿಗೆ ಸಣ್ಣ ಊರು, ಒಂದು ಕೋಣೆ, ದಿನವಿಡೀ ಎಂಬತ್ತು ತೊಂಬತ್ತು ದಾಟಿದವರ ಸಹವಾಸ. ಆ ಅಜ್ಜ ಅಜ್ಜಿಯರಲ್ಲಿ ಮರೆವಿನ ಕಾಯಿಲೆಯವರು ಎಷ್ಟೋ ಸಲ ತಾವು ಬಾಲ್ಯದಲ್ಲಿ ಆಡಿದ ಹಳ್ಳಿಯ ನುಡಿಗೆ ಮರಳುತ್ತಾರೆ. ಪುಸ್ತಕದ ಜರ್ಮನ್ ಕಲಿತು ಹೋದ ನಮ್ಮ ಹುಡುಗಿಗೆ ಅದು ಅರ್ಥವಾಗುವುದಿಲ್ಲ. ಇನ್ನೊಂದು ವಿಷಯವನ್ನು ಮನೆಯವರು ಊಹಿಸುವುದೇ ಇಲ್ಲ. ವೃದ್ಧಾಶ್ರಮದಲ್ಲಿ ಸಾವು ಇರುತ್ತದೆ. ನಿನ್ನೆ ಗಂಜಿ ತಿನ್ನಿಸಿದ ಅಜ್ಜಿಯ ಮಂಚ ಇಂದು ಬರಿದಾಗಿರುತ್ತದೆ. ಸತ್ತವರನ್ನು ಒಮ್ಮೆಯೂ ಹತ್ತಿರದಿಂದ ನೋಡದ ಇಪ್ಪತ್ತರ ವಯಸ್ಸಿಗೆ ಅದು ಸಣ್ಣ ಪೆಟ್ಟಲ್ಲ. ನಾನು ಮಾತಾಡಿಸಿದ ಹುಡುಗಿ ಆ ನವೆಂಬರಿನಲ್ಲಿ ಮೂವರನ್ನು ಕಳೆದುಕೊಂಡಿದ್ದಳು. ತಾಯಿಗೆ ಹೇಳಿರಲಿಲ್ಲ. "ಅಮ್ಮ ಹೆದರ್ತಾರೆ, ವಾಪಸ್ ಬಾ ಅಂತಾರೆ" ಎಂದಳು.

ಚಳಿಗಿಂತ ಕತ್ತಲೆ ಹೆಚ್ಚು

ನಾವು ಇಲ್ಲಿಂದ ಕಳಿಸುವಾಗ ಸ್ವೆಟರು, ಶಾಲು, ಉಣ್ಣೆಯ ಕಾಲುಚೀಲ ಕಟ್ಟಿಕೊಡುತ್ತೇವೆ. ಚಳಿಯೇನೋ ಇದೆ, ಆದರೆ ಕೋಣೆಗಳೆಲ್ಲ ಬೆಚ್ಚಗಿರುತ್ತವೆ. ಬಟ್ಟೆಯ ಮೇಲೆ ಬಟ್ಟೆ ಹಾಕಿಕೊಂಡರೆ ಹೊರಗೂ ತಡೆದುಕೊಳ್ಳಬಹುದು. ಕೆಡಿಸುವುದು ಕತ್ತಲೆ.

ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು, ಅತಿ ದೊಡ್ಡದು ಹದಿಮೂರು ಗಂಟೆಯ ಹತ್ತಿರ. ವ್ಯತ್ಯಾಸ ಒಂದೂವರೆ ಗಂಟೆಯಷ್ಟು, ನಮ್ಮ ಗಮನಕ್ಕೇ ಬರುವುದಿಲ್ಲ. ಹ್ಯಾಂಬರ್ಗ್ ನಗರದಲ್ಲಿ ಜೂನಿನ ಹಗಲು ಹದಿನೇಳು ಗಂಟೆ, ಡಿಸೆಂಬರಿನ ಹಗಲು ಏಳೂವರೆ. ಬೆಳಿಗ್ಗೆ ಎಂಟೂವರೆಗೆ ಬೆಳಕಾದರೆ ಸಂಜೆ ನಾಲ್ಕಕ್ಕೆ ಸೂರ್ಯಾಸ್ತ. ಆ ಹೊತ್ತಿನಲ್ಲೂ ಸೂರ್ಯ ನೆತ್ತಿಗೆ ಬರುವುದಿಲ್ಲ. ಮಧ್ಯಾಹ್ನಕ್ಕೆ ದಿಗಂತದಿಂದ 13 ಡಿಗ್ರಿ ಮೇಲೆ, ಅಂದರೆ ನಮ್ಮಲ್ಲಿ ಬೆಳಿಗ್ಗೆ ಏಳೂವರೆ ಎಂಟರ ಬಿಸಿಲು ಇರುವಷ್ಟು ಎತ್ತರಕ್ಕೆ ಬಂದು ಇಳಿದುಬಿಡುತ್ತಾನೆ. ಅದೂ ಮೋಡವಿಲ್ಲದಿದ್ದರೆ.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕಲ್ಲದೆ ಬೆಳಕಿನ ಪ್ರಮಾಣ ಅಳೆಯುವುದಕ್ಕೆಂದೇ ಕೆಲವು ಜೀವಕೋಶಗಳಿವೆ. ಅವು ಮೆದುಳಿನೊಳಗಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಕತ್ತಲಾದಾಗ ಪಿನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ದೇಹ ರಾತ್ರಿಗೆ ಅಣಿಯಾಗುತ್ತದೆ. ಬೆಳಗಿನ ಬೆಳಕು ಅದನ್ನು ನಿಲ್ಲಿಸುತ್ತದೆ. ಬೆಳಗಿನ ಬೆಳಕೇ ಬಾರದಿದ್ದರೆ ಗಡಿಯಾರ ಹಿಂದೆ ಬೀಳುತ್ತದೆ. ಮನುಷ್ಯ ಎದ್ದು ಕೆಲಸಕ್ಕೆ ಹೋಗಿರುತ್ತಾನೆ, ದೇಹ ಮಾತ್ರ ಇನ್ನೂ ಮಲಗಿರುತ್ತದೆ. ಮನಸ್ಸನ್ನು ಹಗುರವಾಗಿಡುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲೂ ಏರುಪೇರಾಗುತ್ತದೆ ಎನ್ನುತ್ತಾರೆ. ಇದರ ಸಂಶೋಧನೆ ಇನ್ನೂ ನಡೆದಿದೆ.

ಈ ಋತುಖಿನ್ನತೆಗೆ ವೈದ್ಯಕೀಯದಲ್ಲಿ ಹೆಸರಿಟ್ಟವರಲ್ಲಿ ಮುಖ್ಯರು ನಾರ್ಮನ್ ರೋಸೆಂಥಾಲ್. ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ಅಮೆರಿಕಕ್ಕೆ ಹೋದ ವೈದ್ಯ. ಅಲ್ಲಿನ ಚಳಿಗಾಲದಲ್ಲಿ ತನ್ನಲ್ಲೇ ಆದ ಬದಲಾವಣೆಯನ್ನು ಗಮನಿಸಿದವರು. 1984ರಲ್ಲಿ ತಮ್ಮ ಸಂಗಡಿಗರೊಂದಿಗೆ 29 ರೋಗಿಗಳ ವಿವರ ಪ್ರಕಟಿಸಿದರು. ಸಾಮಾನ್ಯ ಖಿನ್ನತೆಯಲ್ಲಿ ಬಹುಮಂದಿಗೆ ನಿದ್ರೆ ಹೋಗುತ್ತದೆ, ಹಸಿವು ಸಾಯುತ್ತದೆ. ಇಲ್ಲಿ ಹೆಚ್ಚಾಗಿ ತಿರುವುಮುರುವು. ನಿದ್ರೆ ಹೆಚ್ಚು, ಹಸಿವು ಹೆಚ್ಚು, ಸಿಹಿ ಮತ್ತು ಪಿಷ್ಟದ ಪದಾರ್ಥಗಳ ಮೇಲೆ ಆಸೆ, ತೂಕ ಏರಿಕೆ, ಕೈಕಾಲು ಸೀಸದಂತೆ ಭಾರ. ಆ ತಾಯಿ ನನ್ನ ಮುಂದೆ ಒಂದೊಂದಾಗಿ ಹೇಳಿದ್ದೂ ಇದನ್ನೇ. ಬಿಸಿಲಿನ ಊರಿನಲ್ಲಿ ವೈದ್ಯನಾದವನಿಗೆ ಅದು ಹೊಳೆಯಲಿಲ್ಲ.

ಮಲೆನಾಡಿನ ಓದುಗರು ಇಲ್ಲಿ ನಗಬಹುದು. ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದೆ ಬದುಕಿದವರಿಗೆ ಇದೇನು ಮಹಾ? ಆದರೆ ನಿಮ್ಮ ಮಳೆಗಾಲದಲ್ಲಿ ಬಚ್ಚಲೊಲೆ ಉರಿಯುತ್ತಿರುತ್ತದೆ, ಹಲಸಿನ ಹಪ್ಪಳ ಸುಡುವವರಿರುತ್ತಾರೆ, ಜಗಲಿಯಲ್ಲಿ ನಾಲ್ಕು ಜನ ಕೂತಿರುತ್ತಾರೆ. ಕತ್ತಲೆಯ ಜೊತೆಗೆ ಒಂಟಿತನವೂ ಸೇರಿದಾಗ ಅದು ಬೇರೆಯೇ ಆಗುತ್ತದೆ.

ಒಂಟಿತನ ಬರೀ ಮನಸ್ಸಿನ ಕಲ್ಪನೆಯಲ್ಲ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ 2023ರಲ್ಲಿ ಇದನ್ನೇ ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಎಚ್ಚರಿಕೆಯ ವರದಿ ಹೊರಡಿಸಿದರು. ಅವರ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ ಇದೆ, ಹರೆಯದವರಲ್ಲಿ ಇನ್ನೂ ಹೆಚ್ಚು. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳಿಗೂ ಅದಕ್ಕೂ ನಂಟಿದೆ.

ನಾವು ಮಾಡಿದ್ದು

ಆ ಹುಡುಗಿಯ ದಿನಚರಿಯನ್ನು ಗಂಟೆ ಗಂಟೆಯಾಗಿ ಹೇಳಿಸಿದೆ. ಬೆಳಿಗ್ಗೆ ಆರೂವರೆಗೆ ಕೆಲಸ, ಹೋಗುವಾಗ ಕತ್ತಲೆ. ಮಧ್ಯಾಹ್ನ ಎರಡೂವರೆಗೆ ಬಿಡುಗಡೆ. ಕೋಣೆಗೆ ಬಂದು ಪರದೆ ಎಳೆದು ಮಲಗಿದರೆ ಐದು ಗಂಟೆಗೆ ಏಳುವುದು. ಎದ್ದಾಗ ಮತ್ತೆ ಕತ್ತಲೆ. ರಾತ್ರಿ ನಿದ್ರೆ ಬಾರದು, ಎರಡರವರೆಗೂ ಮೊಬೈಲು. ಅಂದರೆ ಮೂರು ವಾರಗಳಿಂದ ಆಕೆ ಹಗಲನ್ನೇ ಕಂಡಿರಲಿಲ್ಲ!

ಎರಡೂವರೆಯಿಂದ ನಾಲ್ಕರವರೆಗಿನ ಒಂದೂವರೆ ಗಂಟೆ ನಿನ್ನ ಔಷಧಿ ಪುಟ್ಟಿ ಎಂದೆ. ಕೆಲಸ ಮುಗಿದೊಡನೆ ಕೋಣೆಗೆ ಹೋಗದೆ ನೇರ ಹೊರಗೆ ನಡೆಯಬೇಕು, ಮೋಡವಿದ್ದರೂ ಸರಿ, ತುಂತುರಿದ್ದರೂ ಸರಿ. ಮೋಡ ಕವಿದ ಆಕಾಶದ ಕೆಳಗೂ ಕೋಣೆಯ ದೀಪಕ್ಕಿಂತ ಹಲವು ಪಟ್ಟು ಬೆಳಕಿರುತ್ತದೆ. ಮನೆಯ ದೀಪ ಒಂದೆರಡು ನೂರು ಲಕ್ಸ್ ಇದ್ದರೆ ಹೊರಗಿನ ಮಂಕು ಹಗಲೂ ಸಾವಿರಗಳಲ್ಲಿರುತ್ತದೆ. (ನಮ್ಮ ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ, ಅದಕ್ಕೇ ನಾವು ಕೊಡೆ ಹಿಡಿಯುತ್ತೇವೆ!) ರಜೆಯ ದಿನವಾದರೆ ಬೆಳಕು ಹರಿದ ಕೂಡಲೇ ಹೊರಗೆ ಹೋಗುವುದು ಇನ್ನೂ ಒಳ್ಳೆಯದು. ಮಧ್ಯಾಹ್ನದ ನಿದ್ರೆ ಬೇಕೇಬೇಕಾದರೆ ನಡೆದು ಬಂದ ಮೇಲೆ, ಅಲಾರಂ ಇಟ್ಟುಕೊಂಡು, ಇಪ್ಪತ್ತು ನಿಮಿಷ.

ಇದಕ್ಕೂ ಜಗ್ಗದಿದ್ದರೆ ಬೆಳಕಿನ ಚಿಕಿತ್ಸೆ ಇದೆ. ಹತ್ತು ಸಾವಿರ ಲಕ್ಸ್ ಬೆಳಕು ಕೊಡುವ, ಅತಿನೇರಳೆ ಕಿರಣ ಸೋಸಿದ ದೀಪದ ಮುಂದೆ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲೇ ಇಪ್ಪತ್ತರಿಂದ ಮೂವತ್ತು ನಿಮಿಷ ಕೂರುವುದು. ದೀಪವನ್ನೇ ದಿಟ್ಟಿಸಬಾರದು, ಎದುರಿಗಿಟ್ಟುಕೊಂಡು ತಿಂಡಿ ತಿನ್ನಬಹುದು, ಓದಬಹುದು. ಎಷ್ಟೋ ಮಂದಿಗೆ ಒಂದೆರಡು ವಾರದಲ್ಲಿ ಗುಣ ಕಾಣುತ್ತದೆ. ಕಣ್ಣಿನ ಅಕ್ಷಿಪಟಲದ ಕಾಯಿಲೆ ಇರುವವರು, ಅತ್ಯುತ್ಸಾಹ-ಖಿನ್ನತೆಗಳ ನಡುವೆ ತೂಗಾಡುವ ಮನೋರೋಗ ತಮಗೆ ಅಥವಾ ಮನೆತನದಲ್ಲಿ ಇರುವವರು, ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಬಳಸಕೂಡದು.

ಇನ್ನೊಂದು ಎಚ್ಚರಿಕೆ. ಅಲ್ಲಿನ ಅಂಗಡಿಗಳಲ್ಲಿ 'ಯೊಹಾನಿಸ್‌ಕ್ರೌಟ್' ಎಂಬ ಗಿಡಮೂಲಿಕೆಯ ಮಾತ್ರೆ, ಚಹಾ ಚೀಟಿಯಿಲ್ಲದೆ ಸಿಗುತ್ತದೆ. ಮನಸ್ಸಿಗೆ ಒಳ್ಳೆಯದೆಂದು ಜೊತೆಯವರು ಕೊಡುತ್ತಾರೆ. ಸೊಪ್ಪುಸದೆಯಲ್ಲವೇ ಎಂದು ನುಂಗಬೇಡಿ. ಗರ್ಭನಿರೋಧಕ ಗುಳಿಗೆ, ರಕ್ತ ತೆಳುಗೊಳಿಸುವ ಔಷಧಿ ಮುಂತಾದ ಹಲವು ಔಷಧಿಗಳ ಶಕ್ತಿಯನ್ನು ಅದು ಕುಂದಿಸುತ್ತದೆ, ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯವೂ ಇದೆ. ಮಸಾಲೆ ಹಾಕಿ ಕಾಯಿಸಿದ ಬಿಸಿ ದ್ರಾಕ್ಷಾರಸ ಡಿಸೆಂಬರಿನ ಸಂತೆಗಳಲ್ಲಿ ಎಲ್ಲೆಲ್ಲೂ ಇರುತ್ತದೆ. ಒಂದು ಲೋಟ ಕುಡಿದಾಗ ಬೆಚ್ಚಗಾದಂತೆ ತೋರುತ್ತದೆ, ಆದರೆ ಒಬ್ಬರೇ ಕೋಣೆಯಲ್ಲಿ ಕೂತು ದಿನವೂ ಕುಡಿದರೆ ನಿದ್ರೆಯನ್ನೂ ಮನಸ್ಸನ್ನೂ ಕೆಡಿಸುವುದು ಖಂಡಿತ.

ಒಂಟಿತನಕ್ಕೆ ದೀಪವಿಲ್ಲ. ಅದಕ್ಕೆ ಬೇಕಾದ್ದು ವಾರದಲ್ಲಿ ಇಂಥ ದಿನ ಇಂಥ ಹೊತ್ತಿಗೆ ಎಂದು ಗೊತ್ತಾದ ಒಂದು ಸಹವಾಸ. "ಯಾರಾದ್ರೂ ಕರೆದರೆ ಹೋಗ್ತೀನಿ ಅಂಕಲ್" ಎಂದಳು. ಅಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಅದು ಅವರ ಉದಾಸೀನವೂ ಅಲ್ಲ. ಅವರ ಸಮಾಜ ಸಂಘಗಳ ಮೇಲೆ ನಿಂತಿದೆ. ಚಿಕ್ಕ ಊರಿನಲ್ಲೂ ಹಾಡುವವರ ಸಂಘ, ಟೇಬಲ್ ಟೆನಿಸ್ ಸಂಘ, ಅಗ್ನಿಶಾಮಕ ಸ್ವಯಂಸೇವಕರ ಸಂಘ ಇರುತ್ತವೆ. ಹೋಗಿ ಹೆಸರು ಬರೆಸಬೇಕು. ಈಕೆ ಚರ್ಚಿನ ಗಾಯನ ತಂಡಕ್ಕೆ ಸೇರಿದಳು. ಸಂಗೀತ ಬಾರದು, ಶಬ್ದಗಳು ಅರ್ಧ ಅರ್ಥವಾಗವು. ಆದರೂ ಪ್ರತಿ ಗುರುವಾರ ಸಂಜೆ ಏಳಕ್ಕೆ ಮೂವತ್ತು ಜನರ ನಡುವೆ ನಿಂತು ಉಸಿರಾಡುವುದು ಆಯಿತು. ಒಂದು ವಾರ ಹೋಗದಿದ್ದಾಗ ಮುದುಕರೊಬ್ಬರು ಆಶ್ರಮಕ್ಕೇ ಬಂದು ವಿಚಾರಿಸಿದರಂತೆ.

ಸೇವೆಗೆ ಕರೆಸಿಕೊಂಡ ಸಂಸ್ಥೆಯಲ್ಲಿ ಸ್ವಯಂಸೇವಕರನ್ನು ನೋಡಿಕೊಳ್ಳಲೆಂದೇ ಮಾರ್ಗದರ್ಶಕರಿರುತ್ತಾರೆ. ಒಂದು ವರ್ಷದ ಸೇವೆಯಲ್ಲಿ ತರುಣರಿಗೆ 25 ದಿನದ ಶಿಬಿರಗಳೂ ಇರುತ್ತವೆ. ಬೇರೆ ಊರಿನ ಸ್ವಯಂಸೇವಕರು ಅಲ್ಲೇ ಸಿಗುತ್ತಾರೆ. ನಮ್ಮ ಮಕ್ಕಳು ದೂರು ಹೇಳಿದರೆ ವಾಪಸು ಕಳಿಸುತ್ತಾರೆಂದು ಹೆದರಿ ಬಾಯಿ ಬಿಡುವುದಿಲ್ಲ. ಹೇಳಬೇಕು. ಸಾವು ಕಂಡ ದಿನ ಅರ್ಧ ಗಂಟೆ ಹಿರಿಯ ದಾದಿಯೊಬ್ಬರ ಜೊತೆ ಕೂತು ಮಾತಾಡುವುದು, ಪಾಳಿ ಬದಲಿಸುವುದು, ತೀರಾ ಆಗದಿದ್ದರೆ ಸೇವೆಯ ಜಾಗವನ್ನೇ ಬದಲಿಸುವುದು ಇವೆಲ್ಲ ಕೇಳಬಹುದಾದ ವಿಷಯಗಳು. ವೀಸಾ ಆ ಸೇವೆಗೆ ಅಂಟಿಕೊಂಡಿರುವುದರಿಂದ ತಾವಾಗಿ ಬಿಟ್ಟು ಹೊರಡುವುದು ಮಾತ್ರ ಸಲ್ಲದು. ವಿಮೆ ಇರುವುದರಿಂದ ಅಲ್ಲಿನ ಕುಟುಂಬ ವೈದ್ಯರಲ್ಲಿಗೆ ಹೋಗಲು ಖರ್ಚಿನ ಭಯ ಬೇಡ. ಮನಸ್ಸಿನ ತೊಂದರೆಗೂ ಅದೇ ವಿಮೆ.

ಮನೆಯವರ ಪಾಲು

ಈ ಭಾಗವನ್ನು ತಂದೆತಾಯಿಗಳು ಓದಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಆರಕ್ಕೆ ಗಣಪತಿಯ ಚಿತ್ರದೊಡನೆ ಕಳಿಸುವ 'ಶುಭೋದಯ' ಅವರಿಗೆ ಮುಟ್ಟುವುದು ರಾತ್ರಿ ಒಂದೂವರೆಗೆ. ಮನೆಯ ಗುಂಪಿನ ಹರಟೆ ಶುರುವಾದೊಡನೆ ಅಲ್ಲಿ ಹಾಸಿಗೆಯಲ್ಲಿ ಮೊಬೈಲು ಮಿನುಗುತ್ತದೆ, ಮನೆಯಲ್ಲೇ ಇದ್ದಂತೆ ಭಾಸವಾಗುತ್ತದೆ, ನಿದ್ರೆ ಹೋಗುತ್ತದೆ. ಹೀಗೆ ಎಷ್ಟೋ ಮಕ್ಕಳು ಜರ್ಮನಿಯಲ್ಲಿ ಕೆಲಸ ಮಾಡಿ, ಇಂಡಿಯಾದ ಹೊತ್ತಿನಲ್ಲಿ ಬದುಕುತ್ತಾರೆ. ದಿನಕ್ಕೆ ನಾಲ್ಕು ಸಲ ಫೋನ್ ಮಾಡುವ ಬದಲು ಹೊತ್ತು ಗೊತ್ತುಮಾಡಿಕೊಂಡು ಒಂದು ಸಲ ಮಾತಾಡಿ. ಅವರಿಗೆ ಸಂಜೆ ಐದು ಎಂದರೆ ನಮಗೆ ಒಂಬತ್ತೂವರೆ, ಎಲ್ಲರಿಗೂ ಅನುಕೂಲ. ಅವರು ಕೆಲಸ ಮುಗಿಸಿ, ಬೆಳಕಿನಲ್ಲಿ ನಡೆದು ಬಂದಿರಲಿ.

"ಊಟ ಆಯ್ತಾ" ಎಂದು ಕೇಳುವುದು ಬೇಡವೆನ್ನುವುದಿಲ್ಲ, ಕನ್ನಡದ ತಾಯಿಯ ಬಾಯಲ್ಲಿ ಅದನ್ನು ತಡೆಯಲು ಯಾವ ವೈದ್ಯನಿಂದಲೂ ಆಗದು. ಅದರ ಜೊತೆಗೆ "ಇವತ್ತು ಹೊರಗೆ ಹೋಗಿದ್ಯಾ, ಯಾರ ಹತ್ರ ಮಾತಾಡಿದೆ" ಎಂದೂ ಕೇಳಿ. ಅತ್ತರೆ ಅಳಲು ಬಿಡಿ. "ಅಷ್ಟು ದುಡ್ಡು ಖರ್ಚು ಮಾಡಿ ಕಳಿಸಿದ್ದೀವಿ" ಎಂದಾಗಲಿ, "ಹೊರಟು ಬಂದುಬಿಡು" ಎಂದಾಗಲಿ ಆ ಕ್ಷಣದಲ್ಲಿ ಹೇಳಬೇಡಿ. ಮೊದಲನೆಯದು ಬಾಯಿ ಮುಚ್ಚಿಸುತ್ತದೆ. ಎರಡನೆಯದರಿಂದ ಅವರು ಮುಂದಿನ ಸಲ ಏನೂ ಹೇಳುವುದಿಲ್ಲ.

ಡಿಸೆಂಬರ್ 24ರ ಸಂಜೆಯಿಂದ 26ರವರೆಗೆ ವಿಶೇಷ ಗಮನ ಇರಲಿ. ಬೀದಿಯ ಸಂತೆ, ದೀಪಾಲಂಕಾರ ನೋಡಿ ಕ್ರಿಸ್‌ಮಸ್ ಎಂದರೆ ನಮ್ಮ ದಸರಾದಂತೆ ಜನಜಂಗುಳಿ ಎಂದುಕೊಂಡಿರುತ್ತೇವೆ. 24ರ ಮಧ್ಯಾಹ್ನಕ್ಕೆ ಅಂಗಡಿಗಳೆಲ್ಲ ಮುಚ್ಚಿ, ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ಸೇರಿಕೊಂಡು, ಬೀದಿ ಸ್ತಬ್ಧವಾಗುತ್ತದೆ. ಆ ಮೂರು ದಿನ ಒಬ್ಬರೇ ಕೋಣೆಯಲ್ಲಿರುವುದಕ್ಕಿಂತ ಪಾಳಿ ಕೇಳಿ ಪಡೆದು ಆಶ್ರಮದಲ್ಲೇ ಇರುವುದು ಲೇಸು. ಅಲ್ಲಿ ಮಕ್ಕಳು ಬಾರದ ಅಜ್ಜ ಅಜ್ಜಿಯರೂ ಇರುತ್ತಾರೆ. ಈ ಹುಡುಗಿ ಹಾಗೆಯೇ ಮಾಡಿ, ಅವರಿಗೆಲ್ಲ ಒಂದೊಂದು ಚಮಚ ಕೇಸರಿಬಾತ್ ಹಂಚಿದಳು. ಒಬ್ಬ ಅಜ್ಜಿ ಎರಡು ಸಲ ಕೇಳಿ ತಿಂದರಂತೆ.

ಇನ್ನು ಕಾಯಬಾರದ ಲಕ್ಷಣಗಳು. ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲದಿರುವುದು, ಕೆಲಸಕ್ಕೆ ಹೋಗಲಾಗದಿರುವುದು, ಸ್ನಾನ ಬಟ್ಟೆ ಬಿಡುವುದು, ತನ್ನಿಂದ ಎಲ್ಲರಿಗೂ ಹೊರೆ ಎಂಬ ಮಾತು, ಸಾವಿನ ಮಾತು. ಇಂಥ ಮಾತು ಬಂದಾಗ "ಛೇ, ಹಾಗೆಲ್ಲ ಅನ್ನಬಾರದು" ಎಂದು ಮುಚ್ಚಿಹಾಕಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಮನಸ್ಸು ಹಗುರಾಗುತ್ತದೆ. ಹೌದೆಂದರೆ ಅಂದೇ ಸಂಸ್ಥೆಯ ಮಾರ್ಗದರ್ಶಕರಿಗೆ ತಿಳಿಸಿ, ಮಗುವನ್ನು ಒಬ್ಬಂಟಿಯಾಗಿ ಬಿಡದಂತೆ ಹೇಳಿ. ತುರ್ತಾದರೆ ಯುರೋಪಿನ ಎಲ್ಲೆಡೆ 112. ಜರ್ಮನಿಯಲ್ಲಿ ಹಗಲುರಾತ್ರಿ ಉಚಿತವಾಗಿ ಮಾತು ಆಲಿಸುವ ಟೆಲಿಫೋನ್‌ಜೇಲ್‌ಜೋರ್ಗೆ ಸೇವೆಯ ಸಂಖ್ಯೆ 0800 111 0 111. ತುರ್ತಲ್ಲದ, ಆದರೆ ಆಸ್ಪತ್ರೆ ತೆರೆಯುವವರೆಗೆ ಕಾಯಲಾಗದ ತೊಂದರೆಗೆ 116117. ಇಲ್ಲಿ ಕೂತು ಕಂಗಾಲಾದ ತಂದೆತಾಯಿಗಳಿಗೆ 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಹುಡುಗಿಗೆ ಅಲ್ಲಿನ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಿತ್ತು. ಶುದ್ಧ ಸಸ್ಯಾಹಾರಿಯಾದ್ದರಿಂದ ಬಿ-12 ತೀರಾ ಇಳಿದಿತ್ತು, ಡಿ ಜೀವಸತ್ವವೂ ಕಡಿಮೆ. ಆ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿಗೆ ಡಿ ಜೀವಸತ್ವ ಹುಟ್ಟಿಸುವ ಶಕ್ತಿಯೇ ಇಲ್ಲ, ನಮ್ಮ ಕಪ್ಪು ಚರ್ಮಕ್ಕಂತೂ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಬಿ-12 ಚುಚ್ಚುಮದ್ದು, ಡಿ ಗುಳಿಗೆ ಕೊಟ್ಟು, ಕೆಲವು ವಾರ ಆಪ್ತ ಸಲಹೆಗಾರರಲ್ಲಿಗೆ ಕಳಿಸಿದರು. ಖಿನ್ನತೆಯ ಮಾತ್ರೆ ಬೇಕಾಗಲಿಲ್ಲ. ಬೇಕಾಗಿದ್ದರೂ ಅದೇನು ಅವಮಾನದ ವಿಷಯವಲ್ಲ. ಜನವರಿ ಕೊನೆಗೆ ಮಾತಿನಲ್ಲಿ ಜೀವ ಬಂತು. ಫೆಬ್ರುವರಿಯಲ್ಲಿ ಹಗಲು ಹತ್ತು ಗಂಟೆ ಮುಟ್ಟಿದಾಗ ಮತ್ತೆ ಫೋಟೋಗಳು ಬರತೊಡಗಿದವು. ವರ್ಷ ಪೂರೈಸಿ, ಈಗ ಅಲ್ಲೇ ದಾದಿಯರ ತರಬೇತಿಗೆ ಸೇರಿದ್ದಾಳೆ. ನವೆಂಬರಿನಲ್ಲಿ ಅಮ್ಮನಿಗಿಂತ ಮೊದಲು ಅವಳೇ ದೀಪ ಒರೆಸಿ ಮೇಜಿನ ಮೇಲಿಡುತ್ತಾಳೆ.

ಈ ವರ್ಷ ಹೊರಡುವವರು ಹೊರಡುವ ಎರಡು ತಿಂಗಳು ಮೊದಲೇ ಹಿಮೋಗ್ಲೋಬಿನ್, ಥೈರಾಯ್ಡ್, ಬಿ-12, ಡಿ ಜೀವಸತ್ವ ಪರೀಕ್ಷೆ ಮಾಡಿಸಿಕೊಳ್ಳಿ. ಕೊರತೆಯಿದ್ದರೆ ಇಲ್ಲೇ ತುಂಬಿಸಿಕೊಳ್ಳಬಹುದು. ಹಿಂದೆ ಖಿನ್ನತೆ ಇದ್ದವರು ಚಿಕಿತ್ಸೆಯ ವಿವರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗಬೇಕು, ಮುಚ್ಚಿಡಬಾರದು. ಬೆರಳ ತುದಿ ಚಳಿಗೆ ಕೆಂಪಾಗಿ ಊದಿ ತುರಿಸಿದರೆ ಒಲೆಯ ಹತ್ತಿರ ಹಿಡಿಯದೆ, ಬಿಸಿನೀರಿನಲ್ಲಿ ಅದ್ದದೆ, ನಿಧಾನವಾಗಿ ಬೆಚ್ಚಗೆ ಮಾಡಿಕೊಳ್ಳಬೇಕು. ಅಮ್ಮ ಕಟ್ಟಿಕೊಡುವ ಕೊಬ್ಬರಿ ಎಣ್ಣೆ ಸೀಸೆಯೊಳಗೇ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ.